ಮಾಸ್ಕ್ ಬದಲು ನಾಲಿಗೆಯ ನರಕ್ಕೊಂದು ತಂತಿ: ಸ್ಲೀಪ್ ಅಪ್ನಿಯಾ ಇಂಪ್ಲಾಂಟ್ ಏನು, ಯಾರಿಗೆ?

ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಪದೇಪದೇ ಉಸಿರು ನಿಲ್ಲುವ ಕಾಯಿಲೆ, ಇರುವವರ ಮನೆಗಳಲ್ಲಿ ಮಾಸ್ಕಿನ ಮೂಲಕ ಗಾಳಿ ಊದುವ ಒಂದು ಪುಟ್ಟ ಮಿಷನ್ ಇರುತ್ತದೆ. ಅದು ಮಂಚದ ಪಕ್ಕದಲ್ಲಿ ಇರಬೇಕಾದದ್ದು. ಎಷ್ಟೋ ಮನೆಗಳಲ್ಲಿ ಅದು ಬೀರುವಿನ ಮೇಲೆ, ತನ್ನದೇ ಬ್ಯಾಗಿನೊಳಗೆ ಇರುತ್ತದೆ. ಮೊದಲ ವಾರ ಮಾಸ್ಕ್ ಹಾಕಿಕೊಂಡರು. ಮೂಗು ಒಣಗಿತು. ಮುಖದ ಮೇಲೆ ಪಟ್ಟಿಯ ಗುರುತು ಬಿತ್ತು. ಮಗ್ಗುಲಾದಾಗ ಗಾಳಿ ಸೋರಿ ಕಣ್ಣಿಗೆ ಬಡಿಯಿತು. ಎರಡನೇ ವಾರ 'ಇವತ್ತೊಂದು ದಿನ ಬೇಡ' ಅಂದರು. ಆಮೇಲೆ ಮತ್ತೆ ಹಾಕಿಕೊಳ್ಳಲೇ ಇಲ್ಲ.

ಇಂಥವರ ಕಿವಿಗೆ ಈಗೀಗ ಒಂದು ಸುದ್ದಿ ಬೀಳುತ್ತಿದೆ. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಮಗ, ಮಗಳು, ಭಾವ ಫೋನಿನಲ್ಲಿ ಹೇಳುತ್ತಾರೆ: 'ಇಲ್ಲಿ ಮಾಸ್ಕೇ ಬೇಡ್ವಂತೆ. ಎದೆಯೊಳಗೆ ಚಿಕ್ಕ ಮಿಷನ್ ಇಡ್ತಾರೆ. ರಾತ್ರಿ ರಿಮೋಟ್ ಒತ್ತಿ ಮಲಗಿದ್ರೆ ಆಯ್ತು.'

ಸುದ್ದಿ ನಿಜ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ದೇಹದೊಳಗೆ ಇಡುವ ಇಂಥ ಮೊದಲ ಯಂತ್ರಕ್ಕೆ, ಅಂದರೆ ಇಂಪ್ಲಾಂಟಿಗೆ, 2014ರ ಏಪ್ರಿಲ್‌ನಲ್ಲೇ ಒಪ್ಪಿಗೆ ಕೊಟ್ಟಿದೆ. ಆದರೆ ಫೋನಿನ ಮಾತಿನಲ್ಲಿ ಬಿಟ್ಟುಹೋಗುವ ಸಂಗತಿಗಳು ಬಹಳ ಇವೆ. ಇದು ಎಲ್ಲರಿಗೂ ಆಗುವಂಥದ್ದಲ್ಲ. ಯಾಕೆ ಎಂದು ತಿಳಿಯಲು ಮೊದಲು ನಮ್ಮ ಗಂಟಲನ್ನೇ ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು.

ಗಂಟಲು ಮುಚ್ಚಿಕೊಳ್ಳುವುದು ಯಾಕೆ?

ಕುತ್ತಿಗೆಯ ಮುಂಭಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಗಟ್ಟಿಯಾದ ಉಂಗುರಗಳು ಸಿಗುತ್ತವೆ. ಅದು ಶ್ವಾಸನಾಳ. ಸ್ಪ್ರಿಂಗ್ ಸುತ್ತಿದ ಪೈಪಿನ ಹಾಗೆ, ಅದು ಸುಲಭಕ್ಕೆ ಅಪ್ಪಚ್ಚಿಯಾಗುವುದಿಲ್ಲ. ಅದರ ಮೇಲೆ, ಮೂಗಿನ ಹಿಂಬದಿಯಿಂದ ಧ್ವನಿಪೆಟ್ಟಿಗೆಯವರೆಗಿನ ದಾರಿಗೆ ಇಂಥ ಉಂಗುರಗಳಿಲ್ಲ. ಅಲ್ಲಿ ಇರುವುದು ಬರೀ ಮಾಂಸ: ನಾಲಿಗೆಯ ಬುಡ, ಕಿರುನಾಲಿಗೆ, ಅಂಗುಳಿನ ಹಿಂದಿನ ಮೆತ್ತನೆ ಭಾಗ, ಗಂಟಲಿನ ಗೋಡೆ. ಮಾತಾಡಲು, ನುಂಗಲು ಆ ಜಾಗ ಮೆತ್ತಗೇ ಇರಬೇಕು. ಆ ಮೆತ್ತಗಿನ ಗುಣವೇ ರಾತ್ರಿ ತೊಂದರೆ ಕೊಡುತ್ತದೆ.

ಎಳನೀರಿಗೆ ಕಾಗದದ ಸ್ಟ್ರಾ ಹಾಕಿ ಕುಡಿದಿದ್ದೀರಿ ಅಲ್ವಾ? ಸ್ವಲ್ಪ ಹೊತ್ತಿನಲ್ಲಿ ಅದು ನೆನೆದು ಮೆತ್ತಗಾಗುತ್ತದೆ. ಆಗ ಜೋರಾಗಿ ಹೀರಿದರೆ ಎರಡೂ ಗೋಡೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇನ್ನೂ ಜೋರಾಗಿ ಹೀರಿದಷ್ಟೂ ಇನ್ನೂ ಬಿಗಿಯಾಗಿ ಮುಚ್ಚುತ್ತದೆ. ನಿದ್ದೆಯಲ್ಲಿ ಗಂಟಲಿಗೆ ಆಗುವುದೂ ಇದೇ.

ಎಚ್ಚರವಿರುವಾಗ ನಾಲಿಗೆಯ ಸ್ನಾಯುಗಳಿಗೆ ಮಿದುಳಿನಿಂದ 'ಬಿಗಿಯಾಗಿರು' ಎಂಬ ಸಂದೇಶ ಹೋಗುತ್ತಲೇ ಇರುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ. ನಿದ್ದೆ ಬಂದಾಗ ಆ ಸಂದೇಶ ಕಡಿಮೆಯಾಗುತ್ತದೆ. ಕನಸು ಬೀಳುವ ಹಂತದಲ್ಲಂತೂ ತೀರಾ ಕಡಿಮೆ. ಅಂಗಾತ ಮಲಗಿದ್ದರೆ ಸಡಿಲವಾದ ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾದಾಗ ಗಾಳಿ ಅಕ್ಕಪಕ್ಕದ ಮಾಂಸವನ್ನು ಅದುರಿಸುತ್ತದೆ. ಅದೇ ಗೊರಕೆ. ದಾರಿ ಪೂರ್ತಿ ಮುಚ್ಚಿದರೆ ಗೊರಕೆಯೂ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ.

ಆಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ. ಏದುಸಿರಿನೊಂದಿಗೆ ದಾರಿ ತೆರೆಯುತ್ತದೆ. ಮತ್ತೆ ನಿದ್ದೆ, ಮತ್ತೆ ಮುಚ್ಚುವುದು. ಮಲಗಿದವರಿಗೆ ಬೆಳಿಗ್ಗೆ ಇದರ ನೆನಪೇ ಇರುವುದಿಲ್ಲ. ಗೊತ್ತಾಗುವುದು ಪಕ್ಕದಲ್ಲಿ ಮಲಗಿದವರಿಗೆ. 'ಎಂಥ ಗಾಢ ನಿದ್ದೆ ನೋಡಿ, ಹೇಗೆ ಗೊರಕೆ ಹೊಡೀತಾರೆ' ಎಂದು ನಾವು ಹೇಳುವ ಎಷ್ಟೋ ಜನರಿಗೆ ಗಾಢ ನಿದ್ದೆ ಸಿಗುತ್ತಲೇ ಇಲ್ಲ.

ಲೆಕ್ಕ ಹಾಕುವುದು ಹೇಗೆ?

ಈ ಕಾಯಿಲೆಯ ಪೂರ್ತಿ ಹೆಸರು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ. ಅಂದರೆ, ದಾರಿ ಅಡ್ಡಗಟ್ಟಿ ನಿದ್ದೆಯಲ್ಲಿ ಉಸಿರು ನಿಲ್ಲುವುದು. ಉಸಿರು ಕನಿಷ್ಠ 10 ಸೆಕೆಂಡ್ ನಿಂತರೆ ಅದನ್ನು ಒಂದು ಅಪ್ನಿಯಾ ಎಂದು ಎಣಿಸುತ್ತಾರೆ. ಪೂರ್ತಿ ನಿಲ್ಲದೆ ತೀರಾ ಕಡಿಮೆಯಾಗಿ ಆಮ್ಲಜನಕ ಇಳಿದರೆ ಅದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಎರಡೂ ಸೇರಿ ಗಂಟೆಗೆ ಎಷ್ಟು ಸಲ ಆಗುತ್ತದೆ ಎಂಬ ಸಂಖ್ಯೆಗೆ ಎಎಚ್‌ಐ ಎನ್ನುತ್ತಾರೆ. ಮಲಗಿದಾಗಿನ ಉಸಿರು, ಆಮ್ಲಜನಕ ಅಳೆಯುವ ಪರೀಕ್ಷೆಗೆ ಸ್ಲೀಪ್ ಸ್ಟಡಿ ಎನ್ನುತ್ತಾರೆ. ಅದರ ರಿಪೋರ್ಟಿನಲ್ಲಿ ಮೊದಲು ನೋಡಬೇಕಾದ ಸಂಖ್ಯೆ ಇದೇ.

5ರಿಂದ 15 ಇದ್ದರೆ ಸೌಮ್ಯ. 15ರಿಂದ 30 ಮಧ್ಯಮ. 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಏಳು ಗಂಟೆಯ ನಿದ್ದೆಯಲ್ಲಿ 210 ಸಲ. ಅಷ್ಟು ಸಲ ಯಾರಾದರೂ ನಮ್ಮನ್ನು ತಟ್ಟಿ ಎಬ್ಬಿಸಿದರೆ ಮರುದಿನ ಹೇಗಿರುತ್ತೇವೆ, ಯೋಚಿಸಿ. ಹಗಲು ತೂಕಡಿಕೆ, ಬೆಳಿಗ್ಗೆ ತಲೆನೋವು, ಮಾತ್ರೆಗೆ ಬಗ್ಗದ ಬಿಪಿ, ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದು, ಎಲ್ಲದರ ಹಿಂದೆ ಇದೇ ಇರಬಹುದು. ಗಾಡಿ ಓಡಿಸುವವರಿಗಂತೂ ಆ ತೂಕಡಿಕೆ ಪ್ರಾಣಕ್ಕೇ ಅಪಾಯ.

2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ತೀರಿಕೊಂಡಾಗ ವೈದ್ಯರು ಈ ಕಾಯಿಲೆಯ ಹೆಸರು ಹೇಳಿದರು. ನಮ್ಮಲ್ಲಿ ಅನೇಕರು ಈ ಪದ ಕೇಳಿದ್ದು ಆಗಲೇ ಮೊದಲು. ಆದರೆ ಕಾಯಿಲೆ ಅಪರೂಪದ್ದಲ್ಲ. ದೆಹಲಿಯ ಏಮ್ಸ್ ತಜ್ಞರು ದೇಶದ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಭಾರತದಲ್ಲಿ ಸುಮಾರು 10 ಕೋಟಿ ವಯಸ್ಕರಿಗೆ ಇದು ಇದೆ ಎಂಬ ಅಂದಾಜು ಸಿಕ್ಕಿತು.

ಮಾಸ್ಕ್ ಏನು ಮಾಡುತ್ತದೆ?

1981ಕ್ಕೆ ಮೊದಲು ತೀವ್ರ ಅಪ್ನಿಯಾಕ್ಕೆ ನಂಬಬಹುದಾದ ಚಿಕಿತ್ಸೆ ಒಂದೇ ಇತ್ತು: ಕುತ್ತಿಗೆಯಲ್ಲಿ ತೂತು ಮಾಡಿ, ಮುಚ್ಚಿಕೊಳ್ಳುವ ಜಾಗದ ಕೆಳಗಿನಿಂದಲೇ ಉಸಿರಾಡಲು ಕೊಳವೆ ಇಡುವುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಬೇರೆ ದಾರಿ ಯೋಚಿಸಿದರು. ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಊದಿದರೆ ಗಂಟಲು ಉಬ್ಬಿಯೇ ಇರುತ್ತದಲ್ಲ? ವ್ಯಾಕ್ಯೂಮ್ ಕ್ಲೀನರಿನ ಮೋಟರನ್ನು ಉಲ್ಟಾ ಬಳಸಿ ಯಂತ್ರ ಕಟ್ಟಿದರು. ಐದು ರೋಗಿಗಳ ಮೇಲಿನ ಆ ಪ್ರಯೋಗದ ವರದಿ 1981ರಲ್ಲಿ ಪ್ರಕಟವಾಯಿತು. ಇವತ್ತಿನ ಸಿಪ್ಯಾಪ್ ಮಿಷನ್ ಅದರ ಮುಂದುವರಿಕೆ.

ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ಊದಿದರೆ ಗೋಡೆಗಳು ಅಂಟಿಕೊಳ್ಳುವುದಿಲ್ಲ ಅಲ್ವಾ? ಸಿಪ್ಯಾಪ್ ಮಾಡುವುದು ಇಷ್ಟೇ. ಗಂಟಲಿನ ಯಾವ ಜಾಗದಲ್ಲಿ ಮುಚ್ಚಿದರೂ ಸರಿ, ಗಾಳಿ ಅಲ್ಲಿಗೆ ಹೋಗಿ ತೆರೆಯುತ್ತದೆ. ಇದೇ ಅದರ ದೊಡ್ಡ ಬಲ. ಆಪರೇಷನ್ ಬೇಡ. ಇಷ್ಟವಾಗದಿದ್ದರೆ ನಿಲ್ಲಿಸಬಹುದು. ಇಂಪ್ಲಾಂಟ್ ಬಂದಮೇಲೂ ವೈದ್ಯರು ಮೊದಲು ಸಿಪ್ಯಾಪ್ ಹೆಸರೇ ಹೇಳುವುದು ಇದಕ್ಕಾಗಿ.

ಆದರೆ ಹಾಕಿಕೊಂಡರೆ ಮಾತ್ರ ಕೆಲಸ. ರಾತ್ರಿಗೆ ಕನಿಷ್ಠ 4 ಗಂಟೆ, 100ರಲ್ಲಿ 70 ರಾತ್ರಿ ಬಳಸಿದರೆ 'ಸರಿಯಾಗಿ ಬಳಸುತ್ತಿದ್ದಾರೆ' ಎಂದು ಲೆಕ್ಕ. ಅಷ್ಟನ್ನೂ ಮುಟ್ಟಲಾಗದವರು ಎಲ್ಲ ದೇಶಗಳಲ್ಲೂ ಬಹಳ ಇದ್ದಾರೆ. ನಮ್ಮ ಊರುಗಳಲ್ಲಿ ಇನ್ನೊಂದು ತೊಡಕು ಸೇರುತ್ತದೆ. ನಡುರಾತ್ರಿ ಕರೆಂಟ್ ಹೋದರೆ ಮಿಷನ್ನೂ ನಿಲ್ಲುತ್ತದೆ.

ಹಾಗಂತ ಬಿಟ್ಟವರೆಲ್ಲರೂ ಸೋತವರು ಎಂದಲ್ಲ. ಮಾಸ್ಕಿನ ಅಳತೆ ತಪ್ಪಿರಬಹುದು. ಮೂಗಿನ ದಾರಿ ಕಟ್ಟಿರಬಹುದು. ಒತ್ತಡ ಜಾಸ್ತಿ ಇಟ್ಟಿರಬಹುದು. ಮೂಗಿಗೆ ಮಾತ್ರ ಕೂರುವ ಚಿಕ್ಕ ಮಾಸ್ಕ್, ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ, ಇವನ್ನು ಒಮ್ಮೆಯೂ ಪ್ರಯತ್ನಿಸದೆ ಮಿಷನ್ ಬೀರುವಿನ ಮೇಲೆ ಹೋಗಿದ್ದರೆ, ಅದನ್ನು ಇಳಿಸಿ ಇನ್ನೊಮ್ಮೆ ನೋಡುವುದು ಒಳ್ಳೆಯದು. ಇಂಪ್ಲಾಂಟ್ ಬೇಕು ಎಂದು ಹೋದರೂ ವೈದ್ಯರು ಮೊದಲು ಇದನ್ನೇ ಕೇಳುತ್ತಾರೆ.

ಇಂಪ್ಲಾಂಟ್ ಮಾಡುವ ಕೆಲಸ

ಸಿಪ್ಯಾಪ್ ಗಾಳಿಯಿಂದ ದಾರಿ ತೆರೆಯುತ್ತದೆ. ಇಂಪ್ಲಾಂಟ್ ನಾಲಿಗೆಯನ್ನೇ ದಾರಿಯಿಂದ ಸರಿಸುತ್ತದೆ.

ಮಿದುಳಿನಿಂದ ನೇರವಾಗಿ ಹೊರಡುವ 12 ಜೋಡಿ ನರಗಳಿವೆ. ಅವುಗಳಲ್ಲಿ ಕೊನೆಯದು ಹೈಪೋಗ್ಲಾಸಲ್ ನರ. ಹೆಸರಿನ ಅರ್ಥ 'ನಾಲಿಗೆಯ ಅಡಿಯದು' ಎಂದಷ್ಟೇ. ನಾಲಿಗೆ ಅಲ್ಲಾಡುವುದು ಇದರ ಮಾತಿನಂತೆ. ಗದ್ದದ ಒಳಬದಿಯಿಂದ ನಾಲಿಗೆಯವರೆಗೆ ಬೀಸಣಿಗೆಯಂತೆ ಹರಡಿರುವ ಒಂದು ಸ್ನಾಯು ಇದೆ. ಅದು ಬಿಗಿಯಾದರೆ ನಾಲಿಗೆಯ ಬುಡ ಮುಂದಕ್ಕೆ ಬರುತ್ತದೆ. ಹಿಂದಿನ ದಾರಿ ತೆರೆಯುತ್ತದೆ. ಕನ್ನಡಿ ಮುಂದೆ ನಿಂತು ನಾಲಿಗೆ ಚಾಚಿದರೆ ಕೆಲಸ ಮಾಡುವುದು ಇದೇ ಸ್ನಾಯು.

ತೊಡಕು ಇರುವುದು ಇಲ್ಲಿ: ನಾಲಿಗೆಯನ್ನು ಹಿಂದಕ್ಕೆ ಎಳೆಯುವ ಸ್ನಾಯುಗಳಿಗೂ ಇದೇ ನರದ ಕವಲುಗಳು ಹೋಗುತ್ತವೆ. ಇಡೀ ನರಕ್ಕೆ ವಿದ್ಯುತ್ ಕೊಟ್ಟರೆ ತಳ್ಳುವವರೂ ಎಳೆಯುವವರೂ ಒಟ್ಟಿಗೇ ಜಗ್ಗುತ್ತಾರೆ. ಹಾಗಾಗಿ ಸರ್ಜನ್ ಮುಂದಕ್ಕೆ ತಳ್ಳುವ ಕವಲುಗಳನ್ನು ಮಾತ್ರ ಹುಡುಕಿ, ಅವುಗಳ ಸುತ್ತ ಚಿಕ್ಕ ಪಟ್ಟಿ ಕೂರಿಸಬೇಕು. ಹಳೆಯ ಮನೆಯ ಸ್ವಿಚ್‌ಬೋರ್ಡ್ ತೆಗೆದಾಗ ಎಲೆಕ್ಟ್ರಿಷಿಯನ್ ಒಂದೊಂದೇ ವೈರು ಮುಟ್ಟಿಸಿ 'ಯಾವ ಬಲ್ಬು ಉರೀತು?' ಎಂದು ಕೇಳುತ್ತಾರಲ್ಲ, ಹಾಗೆಯೇ. ಆಪರೇಷನ್ ಟೇಬಲ್ ಮೇಲೆ ಒಂದೊಂದು ಕವಲಿಗೆ ಸಣ್ಣ ವಿದ್ಯುತ್ ಕೊಟ್ಟು ನಾಲಿಗೆ ಯಾವ ಕಡೆ ಹೋಯಿತು ಎಂದು ನೋಡುತ್ತಾರೆ. ಇಡೀ ಚಿಕಿತ್ಸೆಯ ಕೈಚಳಕ ಇರುವುದೇ ಇಲ್ಲಿ ಅನಿಸುತ್ತದೆ.

ಜಾಸ್ತಿ ಬಳಕೆಯಲ್ಲಿರುವ ಇನ್‌ಸ್ಪೈರ್ ಎಂಬ ಯಂತ್ರ ಅಮೆರಿಕದ ಮಿನಿಯಾಪೊಲಿಸ್‌ನ ಕಂಪನಿಯದು. ಅದರಲ್ಲಿ ಮೂರು ಭಾಗಗಳಿವೆ. ಎದೆಯ ಬಲಭಾಗದಲ್ಲಿ, ಕಾಲರ್ ಬೋನ್ ಕೆಳಗೆ, ಚರ್ಮದ ಅಡಿಯಲ್ಲಿ ಪೇಸ್‌ಮೇಕರ್‌ನಂಥ ಪುಟ್ಟ ಡಬ್ಬಿ. ಅದರಲ್ಲಿ ಬ್ಯಾಟರಿ ಇದೆ. ಉಸಿರಿನ ಏರಿಳಿತ ತಿಳಿಯಲು ಒಂದು ಸೆನ್ಸರ್. ಡಬ್ಬಿಯಿಂದ ಗದ್ದದ ಕೆಳಗಿನ ನರದವರೆಗೆ ಚರ್ಮದೊಳಗೇ ಹೋಗುವ ಒಂದು ತಂತಿ. ಉಸಿರು ಒಳಗೆ ಎಳೆಯುವ ಹೊತ್ತಿಗೆ ಸರಿಯಾಗಿ ನರಕ್ಕೆ ಮೆಲ್ಲನೆ ವಿದ್ಯುತ್ ಹೋಗುತ್ತದೆ, ನಾಲಿಗೆ ಮುಂದಕ್ಕೆ ಬರುತ್ತದೆ. ದಾರಿ ಅಪ್ಪಚ್ಚಿಯಾಗುವುದು ಹೀರುವಾಗಲೇ ತಾನೆ?

ರಾತ್ರಿ ಮಲಗುವಾಗ ರಿಮೋಟಿನಿಂದ ಆನ್ ಮಾಡಬೇಕು. ಕೂಡಲೇ ಶುರುವಾಗುವುದಿಲ್ಲ. ನಿದ್ದೆ ಹತ್ತಲು ಅರ್ಧ ಗಂಟೆಯಷ್ಟು ಸಮಯ ಬಿಡುವಂತೆ ಹೊಂದಿಸಿರುತ್ತಾರೆ. ನಡುವೆ ನೀರು ಕುಡಿಯಲು ಎದ್ದರೆ ಸ್ವಲ್ಪ ಹೊತ್ತು ನಿಲ್ಲಿಸಬಹುದು. ಬೆಳಿಗ್ಗೆ ಆಫ್. ಕರೆಂಟ್ ಹೋದರೂ ಇದಕ್ಕೆ ಏನೂ ಆಗುವುದಿಲ್ಲ. ಬ್ಯಾಟರಿ ಸುಮಾರು 11 ವರ್ಷ ಬರುತ್ತದೆ ಎನ್ನುತ್ತಾರೆ. ಮುಗಿದಾಗ ಎದೆಯ ಡಬ್ಬಿಯನ್ನು ಇನ್ನೊಂದು ಚಿಕ್ಕ ಆಪರೇಷನ್ ಮಾಡಿ ಬದಲಿಸಬೇಕು.

ಆಪರೇಷನ್ ಮುಗಿದ ದಿನವೇ ಮಾಸ್ಕ್ ಬಿಡಬಹುದಾ?

ಇಲ್ಲ. ಹೆಚ್ಚಿನವರು ತಿಳಿಯದೆ ಹೋಗುವ ಭಾಗ ಇದು.

ಪೂರ್ತಿ ಅರಿವಳಿಕೆ ಕೊಟ್ಟು, ಸಾಮಾನ್ಯವಾಗಿ ಎರಡು ಗಂಟೆಯ ಆಸುಪಾಸಿನಲ್ಲಿ ಆಪರೇಷನ್ ಮುಗಿಯುತ್ತದೆ. ಅನೇಕರು ಅವತ್ತೇ ಮನೆಗೆ ಹೋಗುತ್ತಾರೆ. ಗದ್ದದ ಕೆಳಗೆ ಒಂದು, ಎದೆಯ ಮೇಲೆ ಒಂದು ಗಾಯ. ಮೊದಮೊದಲು ಪಕ್ಕೆಲುಬಿನ ನಡುವೆ ಸೆನ್ಸರ್ ಇಡಲು ಮೂರನೇ ಗಾಯವೂ ಬೇಕಿತ್ತು. ಗಾಯ ಮಾಯಲಿ ಎಂದು ಸುಮಾರು ಒಂದು ತಿಂಗಳು ಯಂತ್ರವನ್ನು ಆನ್ ಮಾಡುವುದೇ ಇಲ್ಲ.

ಆಮೇಲೆ ಕ್ಲಿನಿಕ್ಕಿನಲ್ಲಿ ಕಡಿಮೆ ವಿದ್ಯುತ್ತಿನಿಂದ ಶುರು. ರೋಗಿ ಮನೆಯಲ್ಲಿ, ವೈದ್ಯರು ಹೇಳಿದ ಮಿತಿಯೊಳಗೆ, ವಾರವಾರ ಒಂದೊಂದು ಹಂತ ಏರಿಸಿಕೊಳ್ಳುತ್ತಾರೆ. ಹೊಸ ಚಪ್ಪಲಿ ಕಾಲಿಗೆ ಒಗ್ಗುವ ಹಾಗೆ ನಾಲಿಗೆಗೂ ಒಗ್ಗಬೇಕು. ಕೆಲವು ತಿಂಗಳ ನಂತರ ಮತ್ತೊಂದು ಸ್ಲೀಪ್ ಸ್ಟಡಿ. ಎಎಚ್‌ಐ ಎಷ್ಟು ಇಳಿದಿದೆ ಎಂದು ನೋಡಿ ಮಟ್ಟ ಸರಿಪಡಿಸುತ್ತಾರೆ.

ಅಮೆರಿಕದಲ್ಲಿ ಮಕ್ಕಳಿರುವ ಅಪ್ಪ-ಅಮ್ಮಂದಿರು ಇದನ್ನು ಗಮನಿಸಬೇಕು. 'ಆರು ತಿಂಗಳಿಗೆ ಹೇಗೂ ಬರ್ತೀರಲ್ಲ, ಇಲ್ಲೇ ಮಾಡಿಸಿಬಿಡೋಣ' ಎಂದು ಮಕ್ಕಳು ಪ್ರೀತಿಯಿಂದ ಹೇಳಬಹುದು. ಆದರೆ ತಪಾಸಣೆ, ಆಪರೇಷನ್, ಒಂದು ತಿಂಗಳ ಕಾಯುವಿಕೆ, ಹೊಂದಿಸುವ ತಿಂಗಳುಗಳು, ಮತ್ತೆ ಸ್ಲೀಪ್ ಸ್ಟಡಿ, ಎಲ್ಲ ಸೇರಿದರೆ ಆ ಆರು ತಿಂಗಳು ಸಾಲದೇ ಹೋಗಬಹುದು. ಊರಿಗೆ ಬಂದಮೇಲೆ ಯಂತ್ರದ ಮಟ್ಟ ಬದಲಿಸಲು ಅದೇ ಕಂಪನಿಯ ಉಪಕರಣ, ಅದನ್ನು ಬಲ್ಲ ವೈದ್ಯರು ಬೇಕು. ಅವರು ಎಲ್ಲಿ ಸಿಗುತ್ತಾರೆ ಎಂಬುದನ್ನು ಆಪರೇಷನ್‌ಗೆ ಮೊದಲೇ ಖಚಿತ ಮಾಡಿಕೊಳ್ಳಬೇಕು.

ಎಷ್ಟು ಜನರಿಗೆ ಫಲ ಕೊಟ್ಟಿದೆ?

2014ರ ಜನವರಿಯಲ್ಲಿ ಪ್ರಕಟವಾದ 'ಸ್ಟಾರ್' ಎಂಬ ಪ್ರಯೋಗವೇ ಇದಕ್ಕೆಲ್ಲ ತಳಪಾಯ. ಅಮೆರಿಕ ಮತ್ತು ಯುರೋಪಿನ 22 ಕಡೆ, ಸಿಪ್ಯಾಪ್ ಒಗ್ಗದ 126 ಜನರಿಗೆ ಇಂಪ್ಲಾಂಟ್ ಹಾಕಿದರು. ಒಂದು ವರ್ಷದ ನಂತರ ಅವರ ಎಎಚ್‌ಐ ನಡುಮಟ್ಟ 29.3ರಿಂದ 9ಕ್ಕೆ ಇಳಿಯಿತು. ಅಂದರೆ 68 ಶೇಕಡಾ ಕಡಿಮೆ.

ಇದು ಯಂತ್ರದಿಂದಲೇ ಆದದ್ದಾ, ಅಥವಾ ಸುಮ್ನೆ ಕಾಲ ಕಳೆದಂತೆ ಆದದ್ದಾ? ಅದನ್ನು ತಿಳಿಯಲು ಚೆನ್ನಾಗಿ ಫಲ ಕಂಡಿದ್ದವರಲ್ಲಿ 23 ಜನರ ಯಂತ್ರವನ್ನು ಒಂದು ವಾರ ಆಫ್ ಮಾಡಿದರು. ಅವರ ಸರಾಸರಿ ಎಎಚ್‌ಐ 7.6 ಇದ್ದದ್ದು 25.8ಕ್ಕೆ ಏರಿತು. ಆನ್ ಇಟ್ಟಿದ್ದ ಇನ್ನೊಂದು ಗುಂಪಿನಲ್ಲಿ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಈ ಒಂದು ವಾರ ಎರಡು ವಿಷಯ ಹೇಳುತ್ತದೆ. ಯಂತ್ರ ನಿಜವಾಗಿ ಕೆಲಸ ಮಾಡುತ್ತದೆ. ಮತ್ತೆ, ಇದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಕನ್ನಡಕದ ಹಾಗೆ, ಇದ್ದಷ್ಟು ಹೊತ್ತು ಮಾತ್ರ ಉಪಯೋಗ.

ಇನ್ನೊಂದು ಸಂಖ್ಯೆಯನ್ನೂ ನೋಡಬೇಕು. ಎಎಚ್‌ಐ ಅರ್ಧಕ್ಕಿಂತ ಕೆಳಗೆ ಇಳಿದು, 20ಕ್ಕಿಂತಲೂ ಕಡಿಮೆಯಾಗಬೇಕು ಎಂಬುದು ಗುರಿಯಾಗಿತ್ತು. ಅದನ್ನು ಮುಟ್ಟಿದವರು 66 ಶೇಕಡಾ. ಅಂದರೆ ಪ್ರತಿ ಮೂವರಲ್ಲಿ ಒಬ್ಬರಿಗೆ ಅಷ್ಟು ಫಲ ಸಿಗಲಿಲ್ಲ. ಅದೂ ಜಾಗ್ರತೆಯಿಂದ ಆರಿಸಿ ತೆಗೆದವರಲ್ಲಿ.

ಆರಿಸುವುದು ಹೇಗೆ?

ನಾಲಿಗೆಯನ್ನು ಮುಂದಕ್ಕೆ ಸರಿಸುವುದೇ ಉಪಾಯವಾದರೆ, ತೊಂದರೆಯೂ ನಾಲಿಗೆ ಹಿಂದೆ ಬೀಳುವ ಬಗೆಯದ್ದೇ ಆಗಿರಬೇಕು. ಅದನ್ನು ನೋಡಲು ಒಂದು ವಿಶೇಷ ಪರೀಕ್ಷೆ ಇದೆ. ಔಷಧ ಕೊಟ್ಟು ನಿದ್ದೆಯಂಥ ಸ್ಥಿತಿಗೆ ತರುತ್ತಾರೆ. ಗೊರಕೆ ಶುರುವಾದಾಗ ಇಎನ್‌ಟಿ ಡಾಕ್ಟರು ಮೂಗಿನಿಂದ ತೆಳು ಕ್ಯಾಮೆರಾ ಇಳಿಸಿ ಗಂಟಲು ಎಲ್ಲಿ, ಹೇಗೆ ಮುಚ್ಚುತ್ತಿದೆ ಎಂದು ಕಣ್ಣಾರೆ ನೋಡುತ್ತಾರೆ.

ಬಾಗಿಲು ಮುಚ್ಚುವ ಹಾಗೆ ಮುಂದಿನಿಂದ ಹಿಂದಕ್ಕೆ ಮುಚ್ಚಿದರೆ ಇಂಪ್ಲಾಂಟ್ ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ನಾಲಿಗೆ ಮುಂದೆ ಬಂದಾಗ ಅದರ ಜೊತೆ ಬೆಸೆದಿರುವ ಅಂಗುಳಿನ ಮೆತ್ತನೆ ಭಾಗವೂ ಸ್ವಲ್ಪ ಮುಂದೆ ಬರುತ್ತದೆ. ಆದರೆ ಚೀಲದ ಬಾಯಿಗೆ ದಾರ ಎಳೆದ ಹಾಗೆ ಅಂಗುಳಿನ ಮಟ್ಟದಲ್ಲಿ ಸುತ್ತಲಿಂದಲೂ ಮುಚ್ಚಿಕೊಂಡರೆ ಇನ್‌ಸ್ಪೈರ್‌ನಂಥ ಯಂತ್ರ ಸಹಾಯಕ್ಕೆ ಬರುವುದು ಕಷ್ಟ. ಅಂಥವರಿಗೆ ಬೇಡ ಎನ್ನುತ್ತಾರೆ.

ಗಂಟಲು ತೆರೆದೇ ಇದ್ದರೂ ಮಿದುಳು ಉಸಿರಾಡಲು ಹೇಳುವುದನ್ನೇ ಮರೆಯುವ ಇನ್ನೊಂದು ಬಗೆಯ ಅಪ್ನಿಯಾ ಇದೆ. ಅದಕ್ಕೂ ಇದು ಪರಿಹಾರವಲ್ಲ. ತೂಕದ ಲೆಕ್ಕವೂ ಇದೆ. 2023ರ ಜೂನ್‌ನಲ್ಲಿ ಎಫ್‌ಡಿಎ ಮಿತಿಗಳನ್ನು ಸಡಿಲಿಸಿತು. ಎಎಚ್‌ಐ 65ರವರೆಗೆ ಎಂದಿದ್ದದ್ದು 100ರವರೆಗೆ ಆಯಿತು. ಎತ್ತರಕ್ಕೆ ತಕ್ಕ ತೂಕ ಹೇಳುವ ಬಿಎಂಐ 32ರ ಬದಲು 40ಕ್ಕೆ ಏರಿತು. ಮಿತಿ ಏರಿತು ಎಂದರೆ ಎಲ್ಲರಿಗೂ ಒಂದೇ ಫಲ ಎಂದಲ್ಲ. ತೂಕ ಹೆಚ್ಚಿದಷ್ಟೂ ಗಂಟಲು ಪಕ್ಕದಿಂದಲೂ ಒತ್ತುತ್ತದೆ. ಆ ಗೋಡೆಗಳನ್ನು ನಾಲಿಗೆ ಹಿಡಿದು ನಿಲ್ಲಿಸಲಾರದು.

ತೊಂದರೆಗಳು

ಸ್ಟಾರ್ ಪ್ರಯೋಗದಲ್ಲಿ 18 ಶೇಕಡಾ ಜನರಿಗೆ ಆಪರೇಷನ್ ನಂತರ ನಾಲಿಗೆ ಸ್ವಲ್ಪ ಕಾಲ ದುರ್ಬಲವಾಗಿತ್ತು. ಆಮೇಲೆ ಸರಿಹೋಯಿತು. ಮುಂದೆ ಬಂದ ನಾಲಿಗೆ ಹಲ್ಲಿಗೆ ಉಜ್ಜಿ ಹುಣ್ಣಾಗುವುದು, ವಿದ್ಯುತ್ತಿನ ಕಿರಿಕಿರಿ, ಇವೂ ಇದ್ದವು. ಇಬ್ಬರಿಗೆ ಯಂತ್ರದ ಜಾಗ ಸರಿಪಡಿಸಲು ಮತ್ತೆ ಆಪರೇಷನ್ ಬೇಕಾಯಿತು. ಸೋಂಕು, ರಕ್ತಸ್ರಾವದ ಅಪಾಯ ಎಲ್ಲ ಆಪರೇಷನ್‌ಗಳಂತೆ ಇಲ್ಲೂ ಇದೆ. ಎಂಆರ್‌ಐ ಸ್ಕ್ಯಾನ್ ಮಾಡಿಸುವಾಗ ಇಂಪ್ಲಾಂಟ್ ಇದೆ ಎಂದು ಮೊದಲೇ ಹೇಳಲೇಬೇಕು. ಮಾದರಿ ನೋಡಿ, ಕೆಲವು ಷರತ್ತಿನ ಮೇಲೆ ಮಾತ್ರ ಮಾಡುತ್ತಾರೆ.

ಹೊಸದಾಗಿ ಬಂದಿರುವುದು

2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಇನ್‌ಸ್ಪೈರ್ ಐದನೇ ಮಾದರಿಯಲ್ಲಿ ಉಸಿರಿನ ಸೆನ್ಸರ್ ಡಬ್ಬಿಯೊಳಗೇ ಇದೆ. ಪಕ್ಕೆಲುಬಿನ ನಡುವೆ ತಂತಿ ಬೇಡ. 2025ರ ಆಗಸ್ಟ್‌ನಲ್ಲಿ ಬೆಲ್ಜಿಯಂ ಮೂಲದ ಜೀನಿಯೋ ಎಂಬ ಯಂತ್ರಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಎದೆಯ ಡಬ್ಬಿಯೂ ಇಲ್ಲ, ಒಳಗೆ ಬ್ಯಾಟರಿಯೂ ಇಲ್ಲ. ಗದ್ದದ ಕೆಳಗೆ ಒಂದೇ ಗಾಯ. ಎಡ-ಬಲ ಎರಡೂ ಕಡೆಯ ನರಕ್ಕೆ ವಿದ್ಯುತ್ ಕೊಡುತ್ತದೆ. ಆದರೆ ಪ್ರತಿ ರಾತ್ರಿ ಗದ್ದದ ಕೆಳಗೆ ಒಂದು ಪಟ್ಟಿ ಅಂಟಿಸಿಕೊಳ್ಳಬೇಕು. ಶಕ್ತಿ ಬರುವುದು ಆ ಪಟ್ಟಿಯ ಮೇಲಿನ ಚಿಪ್‌ನಿಂದ.

ಔಷಧದ ದಾರಿಯೂ ತೆರೆದಿದೆ. ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್‌ಗೆ, ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಅಪ್ನಿಯಾ ಇರುವವರಿಗಾಗಿ 2024ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಸೌಮ್ಯ, ಮಧ್ಯಮ ಹಂತದವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಕ್ಲಿಪ್ ಇದೆ. ಅದನ್ನು ದಂತವೈದ್ಯರು ಅಳತೆ ತೆಗೆದು ಮಾಡಿಕೊಡುತ್ತಾರೆ. ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರಿಗೆ ಮಗ್ಗುಲಾಗಿ ಮಲಗುವ ಅಭ್ಯಾಸವೇ ಎಷ್ಟೋ ಸಹಾಯ. ರಾತ್ರಿ ಮದ್ಯ ಬಿಟ್ಟರೆ ಗಂಟಲಿನ ಸ್ನಾಯು ಅಷ್ಟು ಸಡಿಲವಾಗುವುದಿಲ್ಲ.

ಎಲ್ಲಿಂದ ಶುರು ಮಾಡುವುದು?

ಸ್ಲೀಪ್ ಸ್ಟಡಿಯಿಂದ. ಇಎನ್‌ಟಿ ಅಥವಾ ಶ್ವಾಸಕೋಶ ತಜ್ಞರು ಬರೆದುಕೊಡುತ್ತಾರೆ. ಈಗ ಮನೆಯಲ್ಲೇ ಮಲಗಿ ಮಾಡಿಸಿಕೊಳ್ಳುವ ಬಗೆಯೂ ಇದೆ. ಹೋಗುವ ಮೊದಲು ಮನೆಯವರು ಒಂದು ಕೆಲಸ ಮಾಡಬಹುದು: ಗೊರಕೆ ನಿಂತು ಮತ್ತೆ ಶುರುವಾಗುವ ಎರಡು ನಿಮಿಷವನ್ನು ಫೋನಿನಲ್ಲಿ ವಿಡಿಯೋ ಮಾಡುವುದು. ವೈದ್ಯರಿಗೆ ಅದು ತುಂಬಾ ನೆರವಾಗುತ್ತದೆ.

ಹೆಂಗಸರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಗಂಡನ ಗೊರಕೆಯನ್ನು ಹೆಂಡತಿ ವೈದ್ಯರಿಗೆ ಹೇಳುತ್ತಾರೆ. ಹೆಂಡತಿಯ ಗೊರಕೆಯನ್ನು, ನಾಚಿಕೆಗೋ ಗಮನಿಸದೆಯೋ, ಯಾರೂ ಹೇಳುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಅಪ್ನಿಯಾ ಹೆಚ್ಚುತ್ತದೆ. ಗೊರಕೆಗಿಂತ ಸುಸ್ತು, ನಿದ್ದೆ ಬಾರದಿರುವುದು, ತಲೆನೋವು ಎಂದೇ ಅವರು ಹೇಳಿಕೊಳ್ಳುವುದು ಜಾಸ್ತಿ. ಹಾಗಾಗಿ ಅಮ್ಮನೋ ಅತ್ತೆಯೋ 'ಎಷ್ಟು ಮಲಗಿದರೂ ಸುಸ್ತು ಹೋಗ್ತಿಲ್ಲ' ಎಂದಾಗ, ಆ ಎರಡು ನಿಮಿಷದ ವಿಡಿಯೋವನ್ನು ಅವರದೂ ಮಾಡಿ.